ವಿದ್ಯಾರ್ಥಿಯ ಮೂಲ ದಾಖಲೆ ಯಾರ ಸುಪರ್ದಿಯಲ್ಲಿರಬೇಕು?

ವಿಶ್ವವಿದ್ಯಾಲಯದ ಮಾಹಿತಿ ತಂತ್ರಜ್ಞಾನ ಸೇವೆಗಳ ಬಗ್ಗೆ ಸಭೆ ಕರೆದಾಗಲೆಲ್ಲ ಮಾತು ಸರ್ವರ್, ವೈಫೈ, ಸ್ಮಾರ್ಟ್ ತರಗತಿಗಳ ಖರೀದಿಯಿಂದಲೇ ಶುರುವಾಗುತ್ತದೆ. ರಾಜ್ಯದ ವಿಶ್ವವಿದ್ಯಾಲಯವೊಂದರ ಗಣಕ ಕೇಂದ್ರದಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ನನ್ನ ಅಭಿಪ್ರಾಯದಲ್ಲಿ, ವಿದ್ಯಾರ್ಥಿಯ ಮೂಲ ದಾಖಲೆ ಯಾರ ಸುಪರ್ದಿಯಲ್ಲಿರಬೇಕು, ಅದನ್ನು ತಿದ್ದುವ ಅಧಿಕಾರ ಯಾರಿಗಿರಬೇಕು ಎಂಬುದು ಖರೀದಿಗೂ ಮೊದಲು ತೀರ್ಮಾನವಾಗಬೇಕು.

ಹೆಸರಿನ ವಿಷಯವನ್ನೇ ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್. ಬಿ.’ ಎಂದಿರುವ ಹುಡುಗ ಆಧಾರ್‌ನಲ್ಲಿ ‘ಮಂಜುನಾಥ ಹೊಸಹಳ್ಳಿ ಬಸವರಾಜು’ ಆಗಿರುತ್ತಾನೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಮುಂದಕ್ಕೆ ಬಂದು ‘ಎಚ್. ಬಿ. ಮಂಜುನಾಥ್’ ಎಂದಾಗಿರುತ್ತದೆ. ಪ್ರವೇಶಾತಿ ವಿಭಾಗ ಒಂದನ್ನು, ಪರೀಕ್ಷಾಂಗ ಇನ್ನೊಂದನ್ನು, ವಿದ್ಯಾರ್ಥಿವೇತನ ನೋಡಿಕೊಳ್ಳುವ ಗುಮಾಸ್ತರು ಮತ್ತೊಂದನ್ನು ಬರೆದುಕೊಂಡರೆ ಒಬ್ಬನೇ ವಿದ್ಯಾರ್ಥಿ ಮೂರು ಕಡತಗಳಲ್ಲಿ ಮೂವರಾಗುತ್ತಾನೆ. 2021ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಜಾರಿಗೆ ತಂದ, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯನ್ನು ಡಿಜಿಲಾಕರ್ ಮೂಲಕ ತೆರೆಯುವುದರಿಂದ, ಹೆಸರೋ ಹುಟ್ಟಿದ ದಿನಾಂಕವೋ ತಾಳೆಯಾಗದಿದ್ದರೆ ಕ್ರೆಡಿಟ್‌ಗಳನ್ನು ಅಲ್ಲಿ ಸೇರಿಸುವಾಗ ತೊಡಕು ಎದುರಾಗುತ್ತದೆ. ಆಗ ಆ ಹುಡುಗ ಒಂದು ದಿನದ ಕೂಲಿ ಬಿಟ್ಟ ತಂದೆಯೊಂದಿಗೆ ಕಿಟಕಿಯಿಂದ ಕಿಟಕಿಗೆ ಅಲೆಯಬೇಕಾಗುತ್ತದೆ. ಇದನ್ನು ಸಣ್ಣ ತಾಂತ್ರಿಕ ದೋಷವೆಂದು ಬಿಡಲು ನನಗೆ ಮನಸ್ಸಾಗುವುದಿಲ್ಲ.

ಪ್ರವೇಶದಿಂದ ಫಲಿತಾಂಶದವರೆಗಿನ ಕೆಲಸವನ್ನು ಒಂದೇ ಕಡೆ ತರುವ ಯುಯುಸಿಎಂಎಸ್ (ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ) ತಂತ್ರಾಂಶವನ್ನು ರಾಜ್ಯ ಸರ್ಕಾರ 2021-22ರಲ್ಲಿ ಪದವಿ ಪ್ರವೇಶದೊಂದಿಗೆ ಬಳಕೆಗೆ ತಂದಿತು. ಉದ್ದೇಶ ಸರಿಯಾದದ್ದೇ, ಒಂದೊಂದು ವಿಶ್ವವಿದ್ಯಾಲಯವೂ ಒಂದೊಂದು ತಂತ್ರಾಂಶ ಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ತಂತ್ರಾಂಶ ಎಲ್ಲೇ ಇರಲಿ, ಅದರೊಳಗೆ ಸೇರಿದ ತಪ್ಪನ್ನು ಗುರುತಿಸಬೇಕಾದವರು ಕಾಲೇಜಿನ ಮತ್ತು ವಿಶ್ವವಿದ್ಯಾಲಯದ ಸಿಬ್ಬಂದಿ. ಹಳೆಯ ಪಠ್ಯಕ್ರಮದವರ ಅಂಕಗಳು ಹಳೆಯ ತಂತ್ರಾಂಶದಲ್ಲಿ, ಅದಕ್ಕೂ ಹಿಂದಿನವು ಲೆಡ್ಜರ್‌ಗಳಲ್ಲಿ ಇರುತ್ತವೆಂಬುದನ್ನೂ ಮರೆಯುವಂತಿಲ್ಲ.

ಗ್ರಂಥಾಲಯಕ್ಕೂ ಇದೇ ದಾಖಲೆ ಬೇಕು. 2025ರ ಜನವರಿ 1ರಿಂದ ಆರಂಭವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸಿದೆ. ಸಂಶೋಧನಾ ವಿದ್ಯಾರ್ಥಿಯೊಬ್ಬಳು ಊರಿನ ಮನೆಯಿಂದಲೇ ಇಂತಹ ನಿಯತಕಾಲಿಕಗಳನ್ನು ಓದಬೇಕಾದರೆ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಇನ್‌ಫೆಡ್ ಎಂಬ ಲಾಗಿನ್ ವ್ಯವಸ್ಥೆಯಲ್ಲಿ ಆಕೆ ನಮ್ಮವಳೆಂದು ನಾವು ದೃಢೀಕರಿಸಬೇಕು. ಯಾರು ಸೇರಿದರು, ಯಾರು ಬಿಟ್ಟುಹೋದರು ಎಂಬ ಪಟ್ಟಿಯೇ ಸರಿಯಿಲ್ಲದಿದ್ದರೆ ಇದು ಸಾಧ್ಯವೇ?

ಇದಕ್ಕೆಲ್ಲ ಬೇಕಾದದ್ದು ಕಾಯಂ ಸಿಬ್ಬಂದಿ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಕುಲಸಚಿವರು, ಪರೀಕ್ಷಾಂಗದ ಕುಲಸಚಿವರು, ಹಣಕಾಸು ಅಧಿಕಾರಿ ಎಂದು ಹೊಣೆಯನ್ನು ಸ್ಪಷ್ಟವಾಗಿ ಹಂಚಿದೆ. ದತ್ತಾಂಶದ ಹೊಣೆಯೂ ಅಷ್ಟೇ ಸ್ಪಷ್ಟವಾಗಿ ಒಬ್ಬ ಅಧಿಕಾರಿಗೆ ಸೇರಬೇಕು, ಅವರು ನೇರವಾಗಿ ಕುಲಸಚಿವರಿಗೆ ಉತ್ತರದಾಯಿಯಾಗಿರಬೇಕು. ವರ್ಷವರ್ಷವೂ ಗುತ್ತಿಗೆ ನವೀಕರಣವಾಗುವುದೇ ಎಂದು ಕಾಯುವ ಹುಡುಗರ ಕೈಗೆ ಲಕ್ಷಾಂತರ ಅಂಕಪಟ್ಟಿಗಳ ಪಾಸ್‌ವರ್ಡ್ ಕೊಡುವುದು ಅವರಿಗೂ ನ್ಯಾಯವಲ್ಲ, ವಿದ್ಯಾರ್ಥಿಗಳಿಗೂ ನ್ಯಾಯವಲ್ಲ.

ಇನ್ನು ಟೆಂಡರ್. ಹೊರಗಿನ ಸಂಸ್ಥೆಗೆ ಕೆಲಸ ವಹಿಸುವಾಗ, ಒಪ್ಪಂದ ಮುಗಿದ ದಿನ ಇಡೀ ದತ್ತಾಂಶವನ್ನು ಬೇರೆ ತಂತ್ರಾಂಶವೂ ಓದಬಲ್ಲ ರೂಪದಲ್ಲಿ ವಿವರಣೆಯೊಂದಿಗೆ ಹಿಂದಿರುಗಿಸಬೇಕೆಂಬ ಷರತ್ತು ಇರಲೇಬೇಕು. ಕೊನೆಯ ಬಿಲ್ಲು ಪಾವತಿಯಾಗುವುದು ಆ ನಂತರವೇ. ಬ್ಯಾಕಪ್ ಇದೆ ಎಂಬ ಪ್ರಮಾಣಪತ್ರವನ್ನು ಕಡತಕ್ಕೆ ಸೇರಿಸಿ ಸುಮ್ಮನಾಗದೆ, ಪ್ರತಿ ಸೆಮಿಸ್ಟರ್ ಕೊನೆಯಲ್ಲಿ ಅದರಿಂದ ಕೆಲವು ಹಳೆಯ ಅಂಕಪಟ್ಟಿಗಳನ್ನು ಹೊರತೆಗೆದು ಪರೀಕ್ಷಾಂಗದ ಲೆಡ್ಜರ್ ಜತೆ ತಾಳೆ ನೋಡಿ, ನೋಡಿದವರು ಸಹಿ ಹಾಕಬೇಕು.