ರೋಗಿಯ ದೇವರ ವಿಚಾರ ನರ್ಸಿಗೇಕೆ?

ರೋಗಿಗಳ ಆಧ್ಯಾತ್ಮಿಕ ಸಂಕಟವನ್ನು ಗಮನಿಸುವುದೂ ನರ್ಸುಗಳ ಕೆಲಸವೇ ಎಂದು ನಾನು ಹೇಳಿದಾಗಲೆಲ್ಲ ಎದುರಿಗಿದ್ದವರು ಕೇಳುವ ಪ್ರಶ್ನೆ ಒಂದೇ: "ಅದು ಧರ್ಮಗುರುಗಳ ಕೆಲಸವಲ್ಲವೇ? ಔಷಧಿ ಕೊಟ್ಟು, ಗಾಯ ಕಟ್ಟುವ ನಿಮಗೆ ರೋಗಿಯ ದೇವರ ವಿಚಾರ ಏಕೆ?" ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸುಗಳೂ ಇದನ್ನೇ ಕೇಳುತ್ತಾರೆ. ಅವರ ದನಿಯಲ್ಲಿ ಅನುಮಾನಕ್ಕಿಂತ ಅಂಜಿಕೆ ಹೆಚ್ಚಿರುತ್ತದೆ.

ನನ್ನ ಉತ್ತರ ಸರಳ. ಆ ಮಾತು ಬರುವ ಹೊತ್ತಿಗೆ ಅಲ್ಲಿ ಇರುವವರು ನಾವು. ಹಗಲಿನಲ್ಲಿ ವೈದ್ಯರು, ನೆಂಟರು, ಬೇಕೆಂದರೆ ಧರ್ಮಗುರುಗಳೂ ಬಂದು ಹೋಗುತ್ತಾರೆ. ಅವರೆದುರು ರೋಗಿ ತಕ್ಕಮಟ್ಟಿಗೆ ಧೈರ್ಯವಾಗಿಯೇ ಇರುತ್ತಾರೆ. ರಾತ್ರಿ ಎರಡೂವರೆಗೆ ಡ್ರಿಪ್ ಬಾಟಲಿ ಬದಲಿಸಲು ಹೋದಾಗ, ನಿದ್ದೆ ಬಂದಿದೆ ಎಂದುಕೊಂಡವರು ಕಣ್ಣು ಬಿಟ್ಟು ಕೇಳುತ್ತಾರೆ: "ಸಿಸ್ಟರ್, ನಾನು ಯಾರಿಗೆ ಏನು ಮಾಡಿದ್ದೆ?"

ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ಕ್ಯಾನ್ಸರ್ ಇದ್ದ ಒಬ್ಬ ಹಿರಿಯ ಮಹಿಳೆ. ನಾನು ಆಗಿನ್ನೂ ಹೊಸಬಳು. ಹೊದಿಕೆ ಸರಿಪಡಿಸುತ್ತಾ, "ಹಾಗೆಲ್ಲ ಯೋಚಿಸಬೇಡಿ ಅಮ್ಮ, ದೇವರಿದ್ದಾನೆ, ಎಲ್ಲ ಸರಿಹೋಗುತ್ತದೆ" ಎಂದೆ. ಅವರು ಗೋಡೆಯ ಕಡೆಗೆ ತಿರುಗಿ ಮಲಗಿದರು. ಸಮಾಧಾನ ಹೇಳಿದೆನೆಂಬ ತೃಪ್ತಿಯಲ್ಲಿ ನಾನು ಮುಂದಿನ ಹಾಸಿಗೆಗೆ ಹೋದೆ. ಬೆಳಿಗ್ಗೆ ಅವರು ಮಾತ್ರೆ ಬೇಡವೆಂದರು. ಮಧ್ಯಾಹ್ನ ಮಗಳನ್ನು ನೋಡಲು ಒಪ್ಪಲಿಲ್ಲ. ದಾಖಲೆಯಲ್ಲಿ ಯಾರೋ "ರೋಗಿ ಸಹಕರಿಸುತ್ತಿಲ್ಲ" ಎಂದು ಬರೆದಿದ್ದರು. ಆ ಸಾಲನ್ನು ಓದಿದಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಅವರು ಮಾತಾಡಲು ಬಂದಿದ್ದರು, ಬಾಯಿ ಮುಚ್ಚಿಸಿದವಳು ನಾನು.

ಸಿಸಿಲಿ ಸಾಂಡರ್ಸ್ ಅವರ ಬಗ್ಗೆ ಓದಿದ್ದು ಆಮೇಲೆ. ಮೊದಲು ನರ್ಸ್ ಆಗಿ, ನಂತರ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ ಸಾಯುವವರ ಪಕ್ಕದಲ್ಲೇ ಬದುಕು ಕಳೆದ ಅವರು 1967ರಲ್ಲಿ ಲಂಡನ್ನಿನಲ್ಲಿ ಸಾವಿನಂಚಿನಲ್ಲಿರುವವರನ್ನು ಆರೈಕೆ ಮಾಡುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಆರಂಭಿಸಿದರು. ಮೈಯ ನೋವು, ಮನಸ್ಸಿನ ನೋವು, ಮನೆಮಂದಿಯ ಚಿಂತೆ, ಬದುಕಿಗೇನು ಅರ್ಥವೆಂಬ ತಳಮಳ ಇವೆಲ್ಲ ಹೆಣೆದುಕೊಂಡಿರುವುದನ್ನು ಅವರು ಸಮಗ್ರ ನೋವು ಎಂದು ಕರೆದರು. ಒಂದನ್ನು ಬಿಟ್ಟು ಇನ್ನೊಂದನ್ನು ಇಳಿಸಲು ಹೋದರೆ ಮಾರ್ಫಿನ್ ಪ್ರಮಾಣ ಏರುತ್ತದೆ, ನೋವು ಅಲ್ಲೇ ಉಳಿಯುತ್ತದೆ. ನರ್ಸುಗಳು ಗುರುತಿಸಬೇಕಾದ ಸಮಸ್ಯೆಗಳ ಪಟ್ಟಿಗೆ, ನಾಂಡಾ ಎಂಬ ಅಂತರರಾಷ್ಟ್ರೀಯ ನರ್ಸಿಂಗ್ ಸಂಸ್ಥೆ ಈಗ ನೋಡಿಕೊಳ್ಳುವ ಪಟ್ಟಿಗೆ, ಆಧ್ಯಾತ್ಮಿಕ ಸಂಕಟ ಸೇರಿದ್ದು 1978ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಉಪಶಾಮಕ ಆರೈಕೆಯ, ಅಂದರೆ ಜೀವಕ್ಕೆ ಅಪಾಯವಿರುವ ಕಾಯಿಲೆಯವರ ನೋವು ಇಳಿಸುವ ಆರೈಕೆಯ, ವ್ಯಾಖ್ಯಾನದಲ್ಲೂ ದೇಹದ ತೊಂದರೆಗಳ ಜೊತೆಗೆ ಆಧ್ಯಾತ್ಮಿಕ ತೊಂದರೆಗಳ ಹೆಸರಿದೆ. ಇದು ಯಾರೋ ಕೆಲವರ ಹೆಚ್ಚುವರಿ ಒಳ್ಳೆಯತನ ಎಂದುಕೊಂಡವರಿಗಾಗಿ ಇಷ್ಟು ಹೇಳಿದೆ.

ಈ ಸಂಕಟ ಬರಲು ರೋಗಿ ದೇವರನ್ನು ನಂಬಿರಬೇಕೆಂದಿಲ್ಲ. ದೇವರ ಹೆಸರೆತ್ತದ ಒಬ್ಬ ಬಡಗಿ ನನಗೆ ನೆನಪಾಗುತ್ತಾರೆ. ಪಾರ್ಶ್ವವಾಯುವಿನಿಂದ ಬಲಗೈ ಬಿದ್ದುಹೋಗಿತ್ತು. ಎಡಗೈಯಲ್ಲಿ ಆ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ದಿನವಿಡೀ ನೋಡುತ್ತಿದ್ದರು. "ಇದಿಲ್ಲದೆ ನಾನು ಯಾರು?" ಎಂದು ಒಮ್ಮೆ ಕೇಳಿದರು. ಅದೂ ಅದೇ ಸಂಕಟ. ಬದುಕನ್ನು ಹಿಡಿದಿಟ್ಟ ಆಧಾರ ದೇವರಿರಬಹುದು, ಕೈಕೆಲಸವಿರಬಹುದು, ಒಬ್ಬ ಮನುಷ್ಯನಿರಬಹುದು. ಅದು ಕಳಚಿದಾಗ ಒಬ್ಬರು ಸಿಡುಕುತ್ತಾರೆ, ಇನ್ನೊಬ್ಬರು ಮೌನವಾಗುತ್ತಾರೆ, ದಿನಾ ಪ್ರಾರ್ಥಿಸುತ್ತಿದ್ದವರು ಒಮ್ಮೆಲೇ ನಿಲ್ಲಿಸುತ್ತಾರೆ. ಕೆಲವರು ಕಾರಣವಿಲ್ಲದೆ ಗಂಟೆಗೆ ಹತ್ತು ಸಲ ಕರೆಗಂಟೆ ಒತ್ತುತ್ತಾರೆ. ಹತ್ತನೆಯ ಸಲ ಹೋಗುವಾಗ ನಮ್ಮ ಮುಖ ಹೇಗಿರುತ್ತದೆ ಎಂಬುದು ಬಹಳ ಮುಖ್ಯ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಇದೇ ಲಕ್ಷಣಗಳ ಹಿಂದೆ ಖಿನ್ನತೆ ಇರಬಹುದು, ಸಾಯುವ ಆಲೋಚನೆ ಇರಬಹುದು. ಅದನ್ನು ನೇರವಾಗಿ ಕೇಳಬೇಕು, ವೈದ್ಯರಿಗೆ ತಡಮಾಡದೆ ತಿಳಿಸಬೇಕು. ನೋವಿನಲ್ಲಿ ಹೊರಳಾಡುತ್ತಿರುವವರ ಬಳಿ ಬದುಕಿನ ಅರ್ಥ ಮಾತಾಡುವುದೂ ಕ್ರೌರ್ಯವೇ. ಮೊದಲು ಇಂಜೆಕ್ಷನ್, ಆಮೇಲೆ ಮಾತು.

ಧರ್ಮಗುರುಗಳನ್ನು ರೋಗಿ ಕೇಳಿದರೆ ಕರೆಸುವುದು ನಮ್ಮ ಕರ್ತವ್ಯ. ಆದರೆ ನಮ್ಮ ನಂಬಿಕೆಯನ್ನು ಅವರ ತಲೆಗೆ ತುಂಬಲು ನಾವು ಹೋಗಲೇಬಾರದು, ಈ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ನಮ್ಮ ಮಾತು ಇಷ್ಟವಾಗದಿದ್ದರೆ ಬೀದಿಯಲ್ಲಿರುವವರು ಎದ್ದು ನಡೆಯುತ್ತಾರೆ. ಹಾಸಿಗೆಯಲ್ಲಿರುವವರು ಎಲ್ಲಿಗೆ ಹೋಗುತ್ತಾರೆ? ಇನ್ನು ನಾಲ್ಕು ಗಂಟೆಯಲ್ಲಿ ಅವರನ್ನು ಮಗ್ಗುಲು ಬದಲಿಸಬೇಕಾದ ಕೈ ನಮ್ಮದೇ. ಬೇಡವೆನ್ನಲು ಅವರಿಗೆ ಹೆದರಿಕೆಯಾಗುತ್ತದೆ. ಅವರಾಗಿಯೇ ಪ್ರಾರ್ಥನೆಗೆ ಜೊತೆಯಿರಿ ಎಂದರೆ ನಾನು ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತೇನೆ. ಅದಕ್ಕಿಂತ ಮುಂದೆ ಹೋಗುವುದಿಲ್ಲ.

"ಇದಕ್ಕೆಲ್ಲ ಸಮಯ ಎಲ್ಲಿದೆ?" ಎನ್ನುವ ಸಹೋದ್ಯೋಗಿಗಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಒಬ್ಬ ನರ್ಸಿಗೆ ಹೊರಲಾರದಷ್ಟು ರೋಗಿಗಳನ್ನು ಹೊರಿಸಿದರೆ ಮೊದಲು ಬಲಿಯಾಗುವುದು ಮಾತೇ. ಆದರೂ ಮೈ ಒರೆಸುವ ಹೊತ್ತು ಹೇಗೂ ಇದ್ದೇ ಇದೆ. ನಾನು ಕಂಡಂತೆ, ಬೆನ್ನು ಒರೆಸುವಾಗ ಜನ ಬಾಯಿಬಿಡುವಷ್ಟು ಬೇರೆ ಯಾವಾಗಲೂ ಬಿಡುವುದಿಲ್ಲ. ಮುಖ ಆ ಕಡೆ ಇರುತ್ತದೆ, ಬಿಸಿನೀರಿನ ಬಟ್ಟೆ ನಿಧಾನವಾಗಿ ಓಡಾಡುತ್ತಿರುತ್ತದೆ, ಕಣ್ಣೀರು ಬಂದರೆ ಯಾರಿಗೂ ಕಾಣುವುದಿಲ್ಲ.

ಆ ಹಿರಿಯ ಮಹಿಳೆಯೂ ಮಾತಾಡಿದ್ದು ಹಾಗೆಯೇ. ಮೂರು ದಿನದ ನಂತರ ಅವರ ಬೆನ್ನು ಒರೆಸುತ್ತಾ, "ಅಮ್ಮ, ಅವತ್ತು ರಾತ್ರಿ ನೀವು ಏನೋ ಕೇಳಿದಿರಿ. ನಾನು ಕೇಳಿಸಿಕೊಳ್ಳದೆ ಉತ್ತರ ಕೊಟ್ಟುಬಿಟ್ಟೆ, ತಪ್ಪಾಯಿತು" ಎಂದೆ. ಬಹಳ ಹೊತ್ತು ಮಾತಿಲ್ಲ. ಬಟ್ಟೆ ಹಿಂಡಿದ ನೀರಿನ ಸದ್ದಷ್ಟೇ. ಆಮೇಲೆ ನಿಧಾನವಾಗಿ ಹೇಳಿದರು. ಅವರ ತಾಯಿ ಹಾಸಿಗೆ ಹಿಡಿದಿದ್ದಾಗ, ಒಂದು ರಾತ್ರಿ ಬೇಸತ್ತು, "ಬೇಗ ಹೋಗಬಾರದೇ" ಎಂದು ಗಟ್ಟಿಯಾಗಿಯೇ ಅಂದುಬಿಟ್ಟಿದ್ದರಂತೆ. ತಾಯಿ ಕೇಳಿಸಿಕೊಂಡರಂತೆ. ಈಗ ತನಗೆ ಬಂದಿರುವುದು ಆ ಮಾತಿಗೆ ಶಿಕ್ಷೆ. ಮಗಳ ಮುಖ ನೋಡಿದರೆ ಅದೇ ನೆನಪಾಗುತ್ತದೆ.

"ಹಾಗೇನಿಲ್ಲ ಅಮ್ಮ" ಎಂಬ ಮಾತು ನನ್ನ ಬಾಯಿಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವರಿಗೆ ಕ್ಷಮೆ ಕೊಡುವ ಅಧಿಕಾರ ನನಗಿರಲಿಲ್ಲ. ನನಗೆ ಗೊತ್ತಿದ್ದದ್ದು ರಾತ್ರಿಯ ಆರೈಕೆ ಎಂದರೆ ಏನು ಎಂಬುದಷ್ಟೇ. ಹಾಗಾಗಿ ಅದನ್ನೇ ಕೇಳಿದೆ.

"ಎಷ್ಟು ದಿನ ನೋಡಿಕೊಂಡಿರಿ?"

"ಎಂಟು ತಿಂಗಳು."

"ರಾತ್ರಿಯೂ ನೀವೇನಾ?"

"ನಾನೊಬ್ಬಳೇ."

ಅವರು ಅತ್ತರು. ನಾನು ಬಟ್ಟೆ ಬಿಟ್ಟು ಭುಜದ ಮೇಲೆ ಕೈಯಿಟ್ಟು ನಿಂತೆ. ಇದನ್ನು ದಾಖಲೆಯಲ್ಲಿ ಬರೆಯಬಹುದೇ ಎಂದು ಆಮೇಲೆ ಕೇಳಿದಾಗ, ತಾಯಿಯ ವಿಷಯ ಬೇಡ, ಮನಸ್ಸಿಗೆ ಭಾರವಿದೆ ಎಂದಷ್ಟೇ ಬರೆಯಿರಿ ಎಂದರು. ಹಾಗೆಯೇ ಬರೆದೆ. ಅವರ ಕಾಯಿಲೆ ಇಳಿಯಲಿಲ್ಲ, ನೋವು ಪೂರ್ತಿ ಹೋಗಲಿಲ್ಲ, ಮಗಳನ್ನು ಒಳಗೆ ಕರೆಯಲು ಇನ್ನೂ ಎರಡು ದಿನ ಬೇಕಾಯಿತು. ಮರುದಿನ ರಾತ್ರಿ ನಾನು ಡ್ರಿಪ್ ನೋಡಲು ಹೋದಾಗ ಅವರು ಎಚ್ಚರವಾಗಿದ್ದರು. ಕುರ್ಚಿ ಎಳೆದುಕೊಳ್ಳುವಂತೆ ಸನ್ನೆ ಮಾಡಿ, "ನಿನ್ನೆ ಅಮ್ಮನ ವಿಷಯ ಎಲ್ಲಿಗೆ ನಿಲ್ಲಿಸಿದ್ದೆ ಸಿಸ್ಟರ್?" ಎಂದರು.