ಅಂಬರಿನ ಸಂಗೀತ: ರೇಕ್ಯಾವಿಕ್‌ನಲ್ಲಿ ನಾಲ್ಕು ರಾತ್ರಿ

ಕೊಡೆ ತಗೊಂಡು ಹೋಗಬೇಡಿ. ಮೊದಲು ಇದನ್ನೇ ಹೇಳಿಬಿಡುತ್ತೇನೆ. ನಾನು ಸಾಗರದ ಕಡೆಯವಳು. ಮಳೆ ಅಂದ ಕೂಡಲೇ ಕೈ ಕೊಡೆ ಹುಡುಕುತ್ತದೆ. ಆದರೆ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ, ಪಕ್ಕದಿಂದ ಬಂದು ಕೆನ್ನೆಗೆ ಹೊಡೆಯುತ್ತದೆ. ಬಂದಿಳಿದ ಸಂಜೆಯೇ ಕೊಡೆ ಮಗುಚಿಕೊಂಡು ಎರಡು ಕಡ್ಡಿ ಮುರಿದವು. ಸುತ್ತ ನೋಡಿದರೆ ಊರಿನವರ ಕೈಯಲ್ಲಿ ಒಂದೇ ಒಂದು ಕೊಡೆ ಇಲ್ಲ. ಗಾಳಿ ನುಗ್ಗದ ಟೊಪ್ಪಿ ಜಾಕೆಟ್ಟು, ನೀರು ಒಳಗಿಳಿಯದ ಬೂಟು, ಇಷ್ಟು ಸಾಕು.

ನಾನು ಹೋಗಿದ್ದು ಐಸ್‌ಲ್ಯಾಂಡ್ ಏರ್‌ವೇವ್ಸ್ ಸಂಗೀತ ಉತ್ಸವಕ್ಕೆ. ಕೋಪನ್‌ಹೇಗನ್‌ನಲ್ಲಿರುವ ತಮ್ಮನ ಮನೆಗೆ ಬಂದಿದ್ದೆ. ಅಲ್ಲಿಂದ ವಿಮಾನದಲ್ಲಿ ಮೂರು ಗಂಟೆ ಚಿಲ್ಲರೆ. "ಅಕ್ಕಾ, ನವೆಂಬರಲ್ಲಿ ಯಾರಾದ್ರೂ ಅಲ್ಲಿಗೆ ಹೋಗ್ತಾರಾ?" ಅಂದ ಅವನು. ಹೋಗುತ್ತಾರೆ. ಈ ಉತ್ಸವ ನಡೆಯುವುದೇ ನವೆಂಬರಿನ ಮೊದಲ ದಿನಗಳಲ್ಲಿ. 1999ರಲ್ಲಿ ಮೊದಲ ಸಲ ನಡೆದಾಗ ಜಾಗ ಯಾವುದು ಗೊತ್ತಾ? ರೇಕ್ಯಾವಿಕ್‌ನ ಸಣ್ಣ ವಿಮಾನ ನಿಲ್ದಾಣದಲ್ಲಿ ವಿಮಾನ ನಿಲ್ಲಿಸುವ ಶೆಡ್ಡು. ಇಲ್ಲಿನ ಎಲೆಕ್ಟ್ರಾನಿಕ್ ತಂಡ ಗಸ್‌ಗಸ್ ಅಂದು ಅಲ್ಲಿ ಹಾಡಿತ್ತು. ಈಗ ಉತ್ಸವ ಊರ ತುಂಬ ಹರಡಿದೆ. ಕೆರೆಯ ದಂಡೆಯ ಹಳೆಯ ನಾಟಕಶಾಲೆ, ಮರದ ಗ್ಯಾಲರಿಯ ಚರ್ಚು, ಪುಟ್ಟ ಬಾರುಗಳು, ಎಲ್ಲ ಕಡೆ ಹಾಡು. ಎಲ್ಲವೂ ನಡೆದೇ ಮುಟ್ಟುವ ದೂರ.

ನನಗೆ ಎಲೆಕ್ಟ್ರಾನಿಕ್ ಸಂಗೀತದ ಹುಚ್ಚು ಹಿಡಿಸಿದ್ದು ಬೆಂಗಳೂರಿನವರೇ. ತನ್ವಿ ರಾವ್ ಮತ್ತು ರಾಹುಲ್ ಗಿರಿ ಸೇರಿ ಕಟ್ಟಿದ ಸಲ್ಕ್ ಸ್ಟೇಷನ್ ಎಂಬ ಜೋಡಿಯ ಆಲ್ಬಂ 2012ರಲ್ಲಿ ಬಂತು. ಹಿಂದೂಸ್ತಾನಿ ಎಳೆಯಿರುವ ದನಿ, ಕೆಳಗೆ ನಿಧಾನಕ್ಕೆ ತೇಲುವ ಯಂತ್ರದ ನಾದ. ಹೆಡ್‌ಫೋನ್ ಹಾಕಿಕೊಂಡು ಎಷ್ಟು ರಾತ್ರಿ ಕೇಳಿದ್ದೇನೋ ಲೆಕ್ಕವಿಲ್ಲ. ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡಿದರೆ ಅದು ಸಂಗೀತವೇ ಅಲ್ಲ ಎನ್ನುವವರ ಜೊತೆ ನಾನು ವಾದಕ್ಕೆ ಕೂರುವುದಿಲ್ಲ. ಒಂದು ಸಲ ಎದುರು ನಿಂತು ಕೇಳಿ ಅನ್ನುತ್ತೇನೆ, ಅಷ್ಟೇ.

ಮೊದಲ ರಾತ್ರಿ ಹಾಳಾಯಿತು. ಕೈಗೆ ಉತ್ಸವದ ಪಟ್ಟಿ ಕಟ್ಟಿಸಿಕೊಂಡರೆ ಎಲ್ಲಿಗೆ ಬೇಕಾದರೂ ನುಗ್ಗಬಹುದು ಅಂದುಕೊಂಡಿದ್ದೆ. ಹಾಗಲ್ಲ. ಹಾಲ್ ತುಂಬಿದರೆ ಬಾಗಿಲು ಹಾಕುತ್ತಾರೆ, ಒಬ್ಬರು ಹೊರಬಂದರೆ ಒಬ್ಬರು ಒಳಗೆ. ನಾನು ನೋಡಲೇಬೇಕು ಎಂದು ಬೆಂಗಳೂರಿನಿಂದಲೇ ಗುರುತು ಹಾಕಿಕೊಂಡಿದ್ದ ತಂಡ ಒಳಗೆ ಹಾಡುತ್ತಿತ್ತು. ನಾನು ಹೊರಗೆ ಆಲಿಕಲ್ಲಿನಂಥ ಮಳೆಯಲ್ಲಿ ಐವತ್ತು ನಿಮಿಷ ನಿಂತೆ. ಗೋಡೆಯಾಚೆಯಿಂದ ಬರೀ ದಡ್ ದಡ್. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹೋಗುವವರಿದ್ದರೆ ಕೇಳಿ: ನಿಮಗೆ ಬೇಕಾದ ತಂಡಕ್ಕಿಂತ ಮುಂಚಿನ ತಂಡ ಹಾಡುವಾಗಲೇ ಒಳಗೆ ಸೇರಿಕೊಂಡುಬಿಡಿ.

ಎರಡನೇ ದಿನ ಹಗಲು ಗೇಸಿರ್ ಎಂಬ ಬಿಸಿನೀರಿನ ಬುಗ್ಗೆ, ಗುಲ್‌ಫಾಸ್ ಜಲಪಾತ ಎಂದು ಎಲ್ಲರೂ ಹೋಗುವ ಸುತ್ತು. ಗುಲ್‌ಫಾಸ್ ಚೆಂದವೇ. ಆದರೆ ಜೋಗ ನೋಡಿ ಬೆಳೆದವರಿಗೆ ಜಲಪಾತದ ಮುಂದೆ ಬಾಯಿ ಬಿಡುವುದು ಕಷ್ಟ.

ಆ ರಾತ್ರಿ ಬೇಗ ಹೋಗಿ ಒಳಗೆ ನಿಂತೆ. ಕೈಲಾನ್ ಮಿಕ್ಲಾ ಎಂಬ ಮೂವರು ಹುಡುಗಿಯರ ತಂಡ. ಹೆಸರಿನ ಅರ್ಥ 'ಮಹಾ ಚಳಿ' ಎಂದು. ಇವರು ಹುಟ್ಟಿದ ಕಥೆಯೇ ನನಗೆ ತುಂಬ ಇಷ್ಟ. 2013ರಲ್ಲಿ ರೇಕ್ಯಾವಿಕ್‌ನ ಗ್ರಂಥಾಲಯದಲ್ಲಿ ಒಂದು ಕವಿತೆ ಓದುವ ಸ್ಪರ್ಧೆ ಇತ್ತು. ಅದಕ್ಕಾಗಿ ಮೂವರು ಗೆಳತಿಯರು ಸೇರಿದರು, ಗೆದ್ದರು. ಅಲ್ಲಿಂದ ತಂಡವಾಯಿತು. 2018ರಲ್ಲಿ ಇಂಗ್ಲೆಂಡಿನ ರಾಕ್ ತಂಡ ದ ಕ್ಯೂರ್‌ನ ಗಾಯಕ ರಾಬರ್ಟ್ ಸ್ಮಿತ್, ತಂಡಗಳನ್ನು ತಾವೇ ಆಯ್ಕೆ ಮಾಡಿದ ಲಂಡನ್ನಿನ ಮೆಲ್ಟ್‌ಡೌನ್ ಉತ್ಸವಕ್ಕೆ ಇವರನ್ನು ಕರೆಸಿಕೊಂಡರು. ಅಷ್ಟು ದೂರ ಹೋದರೂ ಹಾಡುವುದು ಐಸ್‌ಲ್ಯಾಂಡಿಕ್‌ನಲ್ಲೇ.

ವೇದಿಕೆಯಲ್ಲಿ ಜಾಸ್ತಿ ಏನೂ ಇರಲಿಲ್ಲ. ಒಂದು ಸಿಂಥ್ (ಯಂತ್ರದ ನಾದ ಹೊರಡಿಸುವ ಕೀಬೋರ್ಡು), ಒಂದು ಬೇಸ್ ಗಿಟಾರ್, ಒಂದು ಮೈಕು, ಹೊಗೆ. ಬೇಸ್ ಶುರುವಾದಾಗ ಮೊದಲು ಅಂಗಾಲಿಗೆ ಗೊತ್ತಾಯಿತು, ಆಮೇಲೆ ಎದೆಗೆ, ಕಿವಿಗೆ ಕೊನೆಗೆ. ಅದರ ಮೇಲೆ ಸಿಂಥ್, ಹಿಮದ ಮೇಲೆ ಬೆಳಕು ಬಿದ್ದ ಹಾಗೆ. ಹಾಡುವ ಹುಡುಗಿ ಮೊದಲು ಪಿಸುಗುಟ್ಟಿದಳು. ಪದ್ಯ ಓದುವ ಹಾಗೆಯೇ, ಒಂದೊಂದು ಪದವನ್ನೂ ಬಿಡಿಬಿಡಿಯಾಗಿ. ಇದ್ದಕ್ಕಿದ್ದಂತೆ ಒಂದು ಚೀತ್ಕಾರ. ನನಗೆ ಒಂದು ಪದವೂ ತಿಳಿಯಲಿಲ್ಲ, ಆದರೂ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಪ್ರತಿ ಸಾಲಿಗೂ ತುಟಿ ಆಡಿಸುತ್ತಿದ್ದ. ನಾಲ್ಕು ಲಕ್ಷ ಜನರೂ ಇಲ್ಲದ ದೇಶ. ನಮ್ಮ ಒಂದು ತಾಲ್ಲೂಕಿನಷ್ಟು. ಅವರ ಭಾಷೆಯ ಪದ್ಯ, ಯಂತ್ರದ ತಾಳ, ಆ ಹುಡುಗನ ತುಟಿ. ಅವತ್ತು ರೂಮಿಗೆ ಬಂದು ತುಂಬ ಹೊತ್ತು ನಿದ್ದೆ ಬರಲಿಲ್ಲ.

ಮರುದಿನ ಸ್ಕೋಲಾವೋರ್ದುಸ್ತೀಗುರ್ ಎಂಬ ಏರು ಬೀದಿಯ ರೆಕಾರ್ಡ್ ಅಂಗಡಿಗೆ ಹೋದೆ. ಹೆಸರು 'ಟೋಲ್ಫ್ ಟೋನಾರ್', ಅಂದರೆ ಹನ್ನೆರಡು ಸ್ವರ. ನಮ್ಮ ಹನ್ನೆರಡು ಸ್ವರಸ್ಥಾನ ನೆನಪಾಗಿ ಹೆಸರಿಗೇ ಮನಸೋತೆ. ಕಾಫಿ ಕುಡಿಯುತ್ತ, ಕೂತು ಕೇಳಿ, ಬೇಕೆನಿಸಿದರೆ ಕೊಳ್ಳಬಹುದು. ಸಮಾರಿಸ್ ಎಂಬ ತಂಡದ ಸಿ.ಡಿ. ಹಾಕಿಕೊಂಡೆ. ಇಲ್ಲಿ 1982ರಿಂದ ಹೊಸ ತಂಡಗಳಿಗೆಂದೇ ನಡೆಯುವ ಮೂಸಿಕ್‌ತಿಲ್‌ರೌನಿರ್ ಎಂಬ ಸ್ಪರ್ಧೆಯಿದೆ. 2011ರಲ್ಲಿ ಅದನ್ನು ಗೆದ್ದವರು ಇವರು. ಒಂದು ಕ್ಲಾರಿನೆಟ್, ಒಂದು ದನಿ, ಒಂದು ಕಂಪ್ಯೂಟರ್. ಹಾಡುವ ಪದಗಳು 19ನೇ ಶತಮಾನದ ಐಸ್‌ಲ್ಯಾಂಡಿಕ್ ಕವಿತೆಗಳು.

ಸೋಫಾದ ಇನ್ನೊಂದು ತುದಿಯಲ್ಲಿ ಬಿಳಿಗೂದಲಿನ ಹೆಂಗಸೊಬ್ಬರು ಕೂತಿದ್ದರು. ನಿವೃತ್ತ ಟೀಚರ್. ನಾನು ಮೇಡಂ ಅಂದಾಗ, "ಹೆಸರು ಹಿಡಿದೇ ಕರೀರಿ, ನಾವು ನಮ್ಮ ಅಧ್ಯಕ್ಷರನ್ನೂ ಹಾಗೇ ಕರೆಯೋದು" ಅಂದರು. ಮನೆತನದ ಹೆಸರು ಅವರಲ್ಲಿ ಬಹುಪಾಲು ಜನರಿಗೆ ಇಲ್ಲ, ತಂದೆಯ ಹೆಸರೇ ಮಕ್ಕಳ ಹೆಸರಿಗೆ ಸೇರುತ್ತದೆ. ನನ್ನ ಇನಿಷಿಯಲ್ಲೂ ಅಪ್ಪನ ಹೆಸರೇ ಎಂದೆ. ಅಲ್ಲಿಂದ ಮಾತು ಬೆಳೆಯಿತು.

"ಈ ಸಂಗೀತಕ್ಕೆ ನಿಮ್ಮಲ್ಲಿ ಏನಂತೀರಿ?" ಎಂದೆ.

"ರಾಫ್‌ಟೋನ್‌ಲಿಸ್ಟ್."

ಬಿಡಿಸಿ ಹೇಳಿದರು. ಟೋನ್‌ಲಿಸ್ಟ್ ಅಂದರೆ ನಾದದ ಕಲೆ, ಸಂಗೀತ. ರಾಫ್ ಅಂದರೆ ಅಂಬರು, ಮರದ ಅಂಟು ಕಾಲಾಂತರದಲ್ಲಿ ಕಲ್ಲಿನಂತಾದದ್ದು. ಅಂಬರನ್ನು ಉಜ್ಜಿದರೆ ಹಗುರ ವಸ್ತುಗಳನ್ನು ಸೆಳೆಯುತ್ತದಲ್ಲ, ಎಲೆಕ್ಟ್ರಿಕ್ ಎಂಬ ಪದ ಹುಟ್ಟಿದ್ದೂ ಗ್ರೀಕರ ಅಂಬರಿನಿಂದಲೇ. ಇವರು ಆ ಪದವನ್ನು ಸಾಲ ತರಲಿಲ್ಲ, ತಮ್ಮ ಮನೆಯ ಅಂಬರನ್ನೇ ಇಟ್ಟುಕೊಂಡರು.

"ಹಾಗಾದರೆ ಕಂಪ್ಯೂಟರ್?"

"ಟೋಲ್ವಾ." ಎರಡು ಬೆರಳು ಜೋಡಿಸಿ ತೋರಿಸಿದರು. "ಟಾಲಾ ಅಂದರೆ ಅಂಕಿ. ವೋಲ್ವಾ ಅಂದರೆ ಹಳೆ ಕಾಲದ ಕಣಿ ಹೇಳುವವಳು. ಸೇರಿದರೆ ಅಂಕಿಗಳ ಕಣಿಗಾರ್ತಿ. 1960ರ ದಶಕದಲ್ಲಿ ಸಿಗುರ್ದುರ್ ನೋರ್ದಾಲ್ ಅನ್ನೋ ವಿದ್ವಾಂಸರು ಕಟ್ಟಿದ ಪದ."

ನನಗೆ ಮೈ ಜುಂ ಎಂದಿತು. ಹಿಂದಿನ ರಾತ್ರಿ ಹೊಗೆಯ ನಡುವೆ ನಿಂತು ಪಿಸುಗುಟ್ಟಿದವಳು ಕಣ್ಣ ಮುಂದೆ ಬಂದಳು.

"ನಿಮ್ಮ ಭಾಷೆಯಲ್ಲಿ?"

"ಗಣಕ. ಗಣಕಯಂತ್ರ ಅಂತಲೂ ಇದೆ. ಲೆಕ್ಕ ಹಾಕುವ ಯಂತ್ರ."

"ಗಣಕ" ಎಂದು ಎರಡು ಸಲ ಹೇಳಿ ನೋಡಿದರು. ಣ ಸರಿಯಾಗಿ ಬರಲಿಲ್ಲ, ನಾಲಿಗೆ ಎಲ್ಲಿ ತಾಗಬೇಕು ಎಂದು ತೋರಿಸಿದೆ. ಮೂರನೇ ಸಲಕ್ಕೆ ಬಂತು. ಪರ್ಸಿನಿಂದ ಬಿಲ್ಲು ತೆಗೆದು ಅದರ ಹಿಂದೆ ತಮ್ಮ ಅಕ್ಷರದಲ್ಲಿ ಬರೆದುಕೊಂಡರು.

"ಚೆನ್ನಾಗಿದೆ. ಮನೆಯಲ್ಲಿ ಮಕ್ಕಳು ಇದನ್ನೇ ಅಂತಾರಾ?"

ಇಲ್ಲ ಎಂದೆ. ಪುಸ್ತಕದಲ್ಲಿ ಇದೆ, ಸರ್ಕಾರಿ ಬೋರ್ಡಿನಲ್ಲಿ ಇದೆ, ಬಾಯಲ್ಲಿ ಕಂಪ್ಯೂಟರ್. ಅವರು ತಪ್ಪು ಎಂದೇನೂ ಹೇಳಲಿಲ್ಲ. "ಈ ಥರದ ಹಾಡು ನಿಮ್ಮ ಭಾಷೆಯಲ್ಲಿ ಇದೆಯಾ?" ಎಂದು ಕೇಳಿದರು. ನಮ್ಮ ಎಂ.ಡಿ. ಪಲ್ಲವಿ ಅವರು ಜರ್ಮನಿಯ ಹ್ಯಾಂಬರ್ಗ್‌ನ ಸಂಗೀತಗಾರ ಆಂಡಿ ಓಟ್ಟೊ ಜೊತೆ ಸೇರಿ ಸಂಗೀತ ಮಾಡಿರುವುದನ್ನು ಹೇಳಿದೆ. ಓಟ್ಟೊ ಚೆಲ್ಲೋ ಎಂಬ ದೊಡ್ಡ ಪಿಟೀಲಿನಂಥ ವಾದ್ಯದ ಕಮಾನಿಗೆ ಸೆನ್ಸರ್ ಕಟ್ಟಿ, ಕೈ ಆಡಿದಂತೆ ಕಂಪ್ಯೂಟರ್ ನಾದ ಬದಲಾಗುವ ಹಾಗೆ ಮಾಡಿಕೊಂಡಿದ್ದಾರೆ. ಭಾವಗೀತೆ ಹಾಡಿ ಪಳಗಿದ ಪಲ್ಲವಿಯವರ ದನಿ ಅದರ ಜೊತೆ ಎಷ್ಟು ಸಲೀಸಾಗಿ ನಿಲ್ಲುತ್ತದೆ! ಫೋನಿನಲ್ಲಿ ಹಾಕಿ ಒಂದು ಇಯರ್‌ಫೋನ್ ಅವರಿಗೆ ಕೊಟ್ಟೆ, ಒಂದು ನಾನಿಟ್ಟುಕೊಂಡೆ. ಅವರು ಕಣ್ಣು ಮುಚ್ಚಿ ಕೊನೆವರೆಗೂ ಕೇಳಿದರು. ತೆಗೆಯುವ ಮುನ್ನ "ಇನ್ನೊಂದು ಸಲ" ಅಂದರು.

ನಾಲ್ಕೂಮುಕ್ಕಾಲಿಗೆಲ್ಲ ಹೊತ್ತು ಮುಳುಗಿತ್ತು. ನಾನು ಸಮಾರಿಸ್ ಸಿ.ಡಿ. ಎರಡು ಕೊಂಡೆ, ಒಂದು ತಮ್ಮನಿಗೆ. ಅವರು ಬಾಗಿಲವರೆಗೆ ಬಂದು, ರಾತ್ರಿ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿ, ನನ್ನ ಕಾರ್ಯಕ್ರಮ ಪಟ್ಟಿಯಲ್ಲಿ ಒಂದು ಹೆಸರಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. "ಇವರಿಗೆ ಪಾಠ ಮಾಡಿದ್ದು ನಾನೇ. ಒಂದು ಗಂಟೆ ಮುಂಚೆ ಹೋಗಿ."

ಒಂದೂವರೆ ಗಂಟೆ ಮುಂಚೆ ಹೋದೆ. ಬಾಗಿಲಲ್ಲಿ ನಾನೇ ಮೊದಲು.