ನಮ್ಮ ರಾತ್ರಿಶಾಲೆಯ ಗ್ರಂಥಾಲಯ ಮತ್ತು ಅದರ ಮಾಸ್ತರರು

ಮುಂಬಯಿಯ ನಮ್ಮ ರಾತ್ರಿ ಪ್ರೌಢಶಾಲೆಯ ಕುರಿತು ಹಳೆಯ ವಿದ್ಯಾರ್ಥಿಗಳು ಬರೆಯುವಾಗ ಸಾಮಾನ್ಯವಾಗಿ ಗಣಿತ ಕಲಿಸಿದವರ ಶಿಸ್ತನ್ನು, ಎಸ್‌ಎಸ್‌ಸಿ ಫಲಿತಾಂಶ ಬಂದ ದಿನದ ಸಡಗರವನ್ನು, ವಾರ್ಷಿಕೋತ್ಸವದ ಯಕ್ಷಗಾನವನ್ನು ನೆನೆಯುತ್ತಾರೆ. ಗ್ರಂಥಾಲಯದ ಪ್ರಸ್ತಾಪ ಅಲ್ಲಿ ಬರುವುದು ಅಪರೂಪ. ಗ್ರಂಥಾಲಯವೆಂದು ಕರೆಯಲು ನಮ್ಮಲ್ಲಿ ಪ್ರತ್ಯೇಕ ಕೋಣೆಯೇ ಇರಲಿಲ್ಲವಾದ್ದರಿಂದ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಶಿಕ್ಷಕರ ಕೊಠಡಿಯ ಹೊರಗೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಎರಡು ಉಕ್ಕಿನ ಕಪಾಟು, ಒಂದು ಉದ್ದ ಬೆಂಚು, ಪತ್ರಿಕೆ ಹರಡಲು ಒಂದು ಮೇಜು, ಇಷ್ಟೇ ನಮ್ಮ ಗ್ರಂಥಾಲಯ. ಮುಂದೆ ಗ್ರಂಥಾಲಯ ವಿಜ್ಞಾನವನ್ನೇ ಓದಿ, ಉಪನಗರದ ಕಾಲೇಜೊಂದರಲ್ಲಿ ಗ್ರಂಥಪಾಲನಾಗಿ ದುಡಿದು, ಈಗ ನಿವೃತ್ತಿಯ ಅಂಚಿಗೆ ಬಂದಿರುವ ನನಗೆ, ಆ ಎರಡು ಕಪಾಟುಗಳ ಸುತ್ತ ನಡೆಯುತ್ತಿದ್ದ ಕೆಲಸವನ್ನು ದಾಖಲಿಸುವುದು ಅಗತ್ಯವೆಂದು ತೋರುತ್ತದೆ.

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ತರಗತಿಯಲ್ಲಿದ್ದವರು ಬಹುಪಾಲು ಮುಂಬಯಿಯ ಫೋರ್ಟ್ ಪ್ರದೇಶದ ಹೊಟೇಲು, ಆಫೀಸು ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದ, ಉಡುಪಿ, ಕುಂದಾಪುರ, ಕಾರ್ಕಳದ ಕಡೆಯ ಹುಡುಗರು. ಕ್ಲೀನರ್ ಆಗಿ ಸೇರಿ, ಟೇಬಲ್ ಒರೆಸುವ ಕೆಲಸದಿಂದ ಸಪ್ಲಾಯರ್ ಆಗುವ ಹೊತ್ತಿಗೆ ಒಂಬತ್ತನೆಯ ತರಗತಿ ಮುಟ್ಟಿರುತ್ತಿದ್ದೆವು. ಸಂಜೆಯ ಚಹಾದ ಗಿರಾಕಿಗಳು ಕರಗಿದ ಮೇಲೆ ಧಣಿಗಳು ಬಿಟ್ಟರೆ ಶಾಲೆ, ಬಿಡದಿದ್ದರೆ ಗೈರುಹಾಜರಿ. ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದವರು ಹಗಲಿನಲ್ಲಿ ಬ್ಯಾಂಕಿನಲ್ಲಿ ಗುಮಾಸ್ತರು. ರಾತ್ರಿ ನಮಗೆ ಕನ್ನಡ ಕಲಿಸುತ್ತಿದ್ದರು. ಅವರನ್ನು ನಾವು ಲೈಬ್ರರಿ ಮಾಸ್ತರರೆಂದೇ ಕರೆಯುತ್ತಿದ್ದುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಹೆಸರು ಅಚ್ಚಾಗುವುದು ಅವರಿಗೆ ಇಷ್ಟವಿರಲಿಲ್ಲ.

ಮಾಸ್ತರರ ಬಳಿ ಎರಡು ಪುಸ್ತಕಗಳಿರುತ್ತಿದ್ದವು. ಒಂದು, ಎಲ್ಲ ಗ್ರಂಥಾಲಯಗಳಲ್ಲೂ ಇರುವ, ಯಾರು ಯಾವ ಪುಸ್ತಕ ಒಯ್ದರು, ಯಾವಾಗ ಮರಳಿಸಬೇಕು ಎಂಬುದನ್ನು ಬರೆಯುವ ಗೆರೆ ಹಾಕಿದ ವಹಿ. ಇನ್ನೊಂದು ಸಣ್ಣ ನೋಟುಪುಸ್ತಕ. ಯಾವ ಹುಡುಗ ಏನು ಕೇಳಿದ, ಕೇಳಿದ್ದು ಸಿಗದಿದ್ದಾಗ ಏನು ಕೊಟ್ಟೆ, ಅದನ್ನು ಅವನು ಓದಿದನೋ ಅಥವಾ ಹಾಗೆಯೇ ತಂದಿಟ್ಟನೋ ಎಂಬ ವಿವರಗಳನ್ನು ಅವರು ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಪತ್ತೇದಾರಿ ಕಾದಂಬರಿ ಮಾತ್ರ ಓದುತ್ತಿದ್ದವನಿಗೆ ಎಂದೂ ಬುದ್ಧಿ ಹೇಳಿದವರಲ್ಲ. ಅವನು ಮುಗಿಸಿದ ಪುಸ್ತಕದಲ್ಲಿ ಸಮುದ್ರ ಬಂದಿದ್ದರೆ ಮುಂದಿನ ಸಲ ಕರಾವಳಿಯ ಕತೆಯೊಂದನ್ನು ಮೇಜಿನ ಮೇಲೆ ಇಟ್ಟಿರುತ್ತಿದ್ದರು. ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದ, ಒಂದು ದಿನ ಹಳೆಯದಾದ ಕನ್ನಡ ಪತ್ರಿಕೆಗಾಗಿ ಬೆಂಚಿನ ಮೇಲೆ ನೂಕಾಟವಾಗುತ್ತಿತ್ತು. ಮಳೆ ಹಿಡಿಯಿತೇ, ಕಂಬಳ ಯಾವಾಗ, ಯಾರ ಮನೆಯ ಮರಣವಾರ್ತೆ ಬಂದಿದೆ ಎಂಬುದೇ ನಮ್ಮ ಓದು. ಕೆಲವರು ಅಷ್ಟನ್ನೂ ಓದಲಾರದವರಾಗಿದ್ದರು. ಅವರಿಗೆ ಮಾಸ್ತರರು ಓದಿ ಹೇಳುತ್ತಿದ್ದರು. ಮನಿಯಾರ್ಡರ್ ಫಾರಂ ತುಂಬಿಕೊಡುತ್ತಿದ್ದರು, ಇನ್‌ಲ್ಯಾಂಡ್ ಪತ್ರ ಬರೆದುಕೊಡುತ್ತಿದ್ದರು, ರೇಷನ್ ಕಾರ್ಡಿಗೆ ಬೇಕಾದ ಕಾಗದಗಳ ಪಟ್ಟಿ ಮಾಡಿಕೊಡುತ್ತಿದ್ದರು. ಇದೆಲ್ಲ ಗ್ರಂಥಾಲಯದ ಕೆಲಸವೇ? ಎಂದು ಆಡಳಿತ ಮಂಡಳಿಯ ಹಿರಿಯರೊಬ್ಬರು ಆಕ್ಷೇಪಿಸಿದ್ದುಂಟು. ಪತ್ರ ಬರೆಸಿಕೊಳ್ಳಲು ಬಂದವನು ಒಂದಲ್ಲ ಒಂದು ದಿನ ಪುಸ್ತಕ ಕೇಳುತ್ತಾನೆ ಎಂದು ಮಾಸ್ತರರು ಉತ್ತರಿಸಿದ್ದರು. ಹಾಗೆ ಕೇಳಿದವರಲ್ಲಿ ನಾನೂ ಒಬ್ಬ.

ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿದು ಚಹಾದ ಹೊತ್ತು ಶುರುವಾಗುವ ನಡುವಿನ ಬಿಡುವಿನಲ್ಲಿ ನಾವು ಹಾರ್ನಿಮನ್ ಸರ್ಕಲ್ ಎದುರಿನ ಟೌನ್ ಹಾಲಿನ ಎತ್ತರದ ಮೆಟ್ಟಿಲುಗಳ ಮೇಲೆ ಕುಳಿತಿರುತ್ತಿದ್ದೆವು. 1833ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಒಳಗೆ ಏಷ್ಯಾಟಿಕ್ ಸೊಸೈಟಿಯೂ ರಾಜ್ಯ ಕೇಂದ್ರ ಗ್ರಂಥಾಲಯವೂ ಇವೆ ಎಂಬುದು ಮೆಟ್ಟಿಲ ಮೇಲೆ ಕುಳಿತವರಿಗೆ ಗೊತ್ತಿರಲಿಲ್ಲ. ಒಳಗೆ ಕರೆದುಕೊಂಡು ಹೋದವರು ಮಾಸ್ತರರು. 1954ರ ಕಾನೂನಿನ ಪ್ರಕಾರ ಭಾರತದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಪ್ರತಿಯನ್ನು ಪ್ರಕಾಶಕರು ತಮ್ಮದೇ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಗಳ ಇನ್ನು ಮೂರು ಗ್ರಂಥಾಲಯಗಳಿಗೂ ಕಳುಹಿಸಬೇಕು. ಮುಂಬಯಿಯ ಪಾಲಿನದು ಬರುವುದು ಇಲ್ಲಿಗೇ. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಅಚ್ಚಾದ ಕನ್ನಡ ಪುಸ್ತಕಕ್ಕೆ ನಾವು ಬೀಡಿ ಸೇದುತ್ತ ಕುಳಿತ ಮೆಟ್ಟಿಲುಗಳ ಮೇಲಿನ ಕಟ್ಟಡದಲ್ಲಿ ಕಾನೂನುಬದ್ಧವಾದ ಜಾಗವಿದೆ ಎಂಬ ಸಂಗತಿ ನಮ್ಮನ್ನು ಬೆರಗುಗೊಳಿಸಿತ್ತು. ಎಲ್ಲ ಪ್ರಕಾಶಕರೂ ತಪ್ಪದೆ ಕಳುಹಿಸುವುದಿಲ್ಲ ಎಂಬುದು ವೃತ್ತಿಗೆ ಬಂದ ಮೇಲೆ ತಿಳಿದ ಮಾತು.

ಅದೇ ದಿನಗಳಲ್ಲಿ ಅವರು ಕಾಳಾಘೋಡಾದ ಡೇವಿಡ್ ಸಸೂನ್ ಗ್ರಂಥಾಲಯದ ಕತೆಯನ್ನೂ ಹೇಳಿದ್ದರು. 1870ರ ಆ ಚೆಂದದ ಕಲ್ಲುಕಟ್ಟಡಕ್ಕೆ ಹಣ ಕೊಟ್ಟವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದರ ಮೂಲ, 1847ರಲ್ಲಿ ಟಂಕಸಾಲೆ ಮತ್ತು ಸರಕಾರಿ ಹಡಗುಕಟ್ಟೆಯ ಯಂತ್ರ ಕೆಲಸಗಾರರು ತಮ್ಮ ತಿಳಿವಳಿಕೆಗಾಗಿ ಕಟ್ಟಿಕೊಂಡ ಸಂಸ್ಥೆ. ದುಡಿಯುವವರು ತಮಗಾಗಿ ಕಟ್ಟಿಕೊಂಡದ್ದು ಎಂಬ ಮಾತನ್ನು ಮಾಸ್ತರರು ಒತ್ತಿ ಹೇಳುತ್ತಿದ್ದರು. ನಮ್ಮ ಎರಡು ಕಪಾಟುಗಳನ್ನು ಕುರಿತು ಯಾರಾದರೂ ನಕ್ಕರೆ ಅವರ ಉತ್ತರ ಇದೇ ಆಗಿರುತ್ತಿತ್ತು.

ಗ್ರಂಥಾಲಯ ವಿಜ್ಞಾನದ ತರಗತಿಯಲ್ಲಿ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಮಂಡಿಸಿದ ಐದು ಸೂತ್ರಗಳನ್ನು ಓದಿದಾಗ ನನಗೆ ಹೊಸದೆನ್ನಿಸಿದ್ದು ಕಡಿಮೆ. ಪ್ರತಿಯೊಬ್ಬ ಓದುಗನಿಗೆ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೆ ಅದರ ಓದುಗ ಎಂಬ ಎರಡು ಸೂತ್ರಗಳು ಮಾಸ್ತರರ ಸಣ್ಣ ನೋಟುಪುಸ್ತಕದಲ್ಲಿ ಆಗಲೇ ನಡೆಯುತ್ತಿದ್ದವು. ಗ್ರಂಥಾಲಯ ಬೆಳೆಯುವ ಜೀವಿ ಎಂಬ ಐದನೆಯ ಸೂತ್ರದ ಬೆಲೆ ಮಾತ್ರ ನೌಕರಿಗೆ ಸೇರಿದ ಮೇಲೆ ಗೊತ್ತಾಯಿತು. ನಾನು ಸೇರಿದಾಗ ಕಾರ್ಡ್ ಕೆಟಲಾಗಿನ ಮರದ ಖಾನೆಗಳಿದ್ದವು, ಅವು ಹೋಗಿ ಕಂಪ್ಯೂಟರ್ ಬಂತು, ಬಾರ್‌ಕೋಡ್ ಬಂತು, 2000ದಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲು ಬಳಕೆಗೆ ಬಂದ ಕೋಹಾ ಎಂಬ, ಗ್ರಂಥಾಲಯ ನಿರ್ವಹಣೆಯ ಉಚಿತ ತಂತ್ರಾಂಶ ಎಷ್ಟೋ ವರ್ಷಗಳ ಮೇಲೆ ನಮ್ಮ ಕಾಲೇಜಿಗೂ ತಲುಪಿತು. ಯಂತ್ರಗಳ ಕತೆ ಎಲ್ಲ ಕಡೆಯೂ ಒಂದೇ, ಅದನ್ನು ಬೆಳೆಸುವುದಿಲ್ಲ.

ಕನ್ನಡ ಪುಸ್ತಕಗಳ ಮಟ್ಟಿಗೆ ಹೇಳಲೇಬೇಕಾದದ್ದು ಒಂದಿದೆ. ಪುಸ್ತಕಗಳನ್ನು ವಿಷಯವಾರು ಸಂಖ್ಯೆಗಳಿಂದ ವಿಂಗಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಪುಸ್ತಕದ ಬೆನ್ನಿಗೆ ಆ ಸಂಖ್ಯೆಯ ಚೀಟಿ ಅಂಟಿಸಿದರೆ ಅದು ಕಪಾಟಿನಲ್ಲಿ ಸರಿಯಾದ ಜಾಗಕ್ಕೆ ಹೋಗುತ್ತದೆ. ಆದರೆ ಕಂಪ್ಯೂಟರಿನ ಸೂಚಿಯಲ್ಲಿ ಅದು ಸಿಗಬೇಕಾದರೆ ಶೀರ್ಷಿಕೆಯನ್ನೂ ಲೇಖಕರ ಹೆಸರನ್ನೂ ಯಾರಾದರೂ ಕನ್ನಡ ಲಿಪಿಯಲ್ಲಿಯೇ ಟೈಪು ಮಾಡಿರಬೇಕು. ಮುಂಬಯಿಯಲ್ಲಿ ಕನ್ನಡ ಓದಬಲ್ಲ ಸಿಬ್ಬಂದಿ ಇಲ್ಲದ ಕಡೆ ಮುಖಪುಟ ನೋಡಿ ಯಾರೋ ಹೇಳಿದ್ದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿಸುತ್ತಾರೆ. ಶೆಟ್ಟಿ ಎಂಬ ಒಂದು ಹೆಸರನ್ನೇ ಮೂರು ನಾಲ್ಕು ಬಗೆಯ ಸ್ಪೆಲ್ಲಿಂಗಿನಲ್ಲಿ ಬರೆಯುವ ಊರು ಇದು; ಒಂದೇ ಲೇಖಕರ ಪುಸ್ತಕಗಳು ಸೂಚಿಯಲ್ಲಿ ಬೇರೆ ಬೇರೆ ಜನರವಾಗಿ ಹರಿದು ಹೋಗುತ್ತವೆ. ಪುಸ್ತಕ ಕಪಾಟಿನಲ್ಲಿದ್ದೂ ಕೇಳಿದವರಿಗೆ ಇಲ್ಲವೆಂಬ ಉತ್ತರ ಸಿಗುತ್ತದೆ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ, ಯುನಿಕೋಡ್, ಬರುವ ಮೊದಲಿನ ಫಾಂಟುಗಳಲ್ಲಿ ಶ್ರಮಪಟ್ಟು ಮಾಡಿದ ಪಟ್ಟಿಗಳ ಗತಿಯೂ ಇದೇ: ಪರದೆಯ ಮೇಲೆ ಕಾಣುತ್ತವೆ, ಹುಡುಕಿದರೆ ಸಿಗುವುದಿಲ್ಲ. ಇದನ್ನು ಸರಿಪಡಿಸಲು ಬೇಕಾದದ್ದು ಹೊಸ ಯಂತ್ರವಲ್ಲ, ಕನ್ನಡ ಬಲ್ಲ ಒಬ್ಬ ಮನುಷ್ಯ ಮತ್ತು ಅವನಿಗೆ ಕೊಡುವ ಸಂಬಳ.

ಓದುಗರೂ ಬದಲಾದರು. ಹದಿನಾಲ್ಕರೊಳಗಿನ ಮಕ್ಕಳನ್ನು ಹೊಟೇಲು, ಢಾಬಾಗಳಲ್ಲಿ ದುಡಿಸಿಕೊಳ್ಳುವುದು 2006ರ ಅಕ್ಟೋಬರಿನಿಂದ ನಿಷಿದ್ಧವಾಯಿತು. ಅದಕ್ಕಿಂತ ಮೊದಲೇ ಊರಿನಲ್ಲಿ ಶಾಲೆಗಳು ಹತ್ತಿರವಾಗಿ, ಹುಡುಗರು ಅಲ್ಲಿಯೇ ಓದು ಮುಗಿಸುವುದು ಹೆಚ್ಚಾಗಿ, ನಮ್ಮಂಥವರು ಬರುವುದು ಇಳಿದಿತ್ತು. ಇದರಿಂದ ರಾತ್ರಿಶಾಲೆಗಳು ಬರಿದಾದವೆಂದು ಮರುಗುವವರ ಜೊತೆ ನಾನಿಲ್ಲ. ಮೋರಿಯ ಬಳಿ ಕುಳಿತು ಪಾತ್ರೆ ತೊಳೆಯುವ ಹನ್ನೆರಡರ ಹುಡುಗ ಇಲ್ಲವಾದರೆ ಅದು ಒಳ್ಳೆಯದೇ. ಹಳೆಯ ಕತೆ ಕಾದಂಬರಿಗಳು ಮೊಬೈಲಿನಲ್ಲಿಯೇ ಸಿಗತೊಡಗಿ ಪುಸ್ತಕ ಒಯ್ಯಲು ಬರುವವರೂ ಕಡಿಮೆಯಾದರು. ಆದರೆ ಕುರ್ಚಿ ಕೇಳಿ ಬರುವವರು ಹೆಚ್ಚಾದರು. ಮುಂಬಯಿಯಲ್ಲಿ ಅಭ್ಯಾಸಿಕೆ ಎಂದರೆ ಏನೆಂದು ಈ ಊರಿನ ಓದುಗರಿಗೆ ವಿವರಿಸಬೇಕಿಲ್ಲ. ಐದಾರು ಜನರ ಖೋಲಿಯಲ್ಲಿ ಟಿವಿ, ಕುಕ್ಕರು, ಅಳುವ ಮಗುವಿನ ನಡುವೆ ಪರೀಕ್ಷೆಗೆ ಓದಲಾರದ ಹುಡುಗ ಹುಡುಗಿಯರಿಗೆ ಮೇಜು, ದೀಪ, ಫ್ಯಾನು, ಮೌನ ಇವನ್ನು ಒದಗಿಸುವ ಜಾಗ ಅದು. ತಮ್ಮದೇ ಪುಸ್ತಕ ತಂದು ಓದುವವರಿಗೆ ಗ್ರಂಥಾಲಯವೇಕೆ ಎಂದು ಕೆಲವು ಹಿರಿಯರು ಕೇಳುತ್ತಾರೆ. ಈ ಊರಿನಲ್ಲಿ ಪುಸ್ತಕಕ್ಕಿಂತ ಜಾಗ ದುಬಾರಿ. ದುಬಾರಿಯಾದದ್ದನ್ನು ಎಲ್ಲರಿಗೂ ಸಿಗುವಂತೆ ಮಾಡುವುದೇ ಸಾರ್ವಜನಿಕ ಗ್ರಂಥಾಲಯದ ಹುಟ್ಟುಕಾರಣವಾಗಿದ್ದರಿಂದ ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಮನಿಯಾರ್ಡರ್ ಫಾರಮಿನ ಜಾಗಕ್ಕೆ ಈಗ ಆನ್‌ಲೈನ್ ಅರ್ಜಿ ಬಂದಿದೆ. ವಿದ್ಯಾರ್ಥಿವೇತನದ ಜಾಲತಾಣದಲ್ಲಿ ಸಿಕ್ಕಿಹಾಕಿಕೊಂಡ ಹುಡುಗಿ ಗ್ರಂಥಪಾಲರ ಮೇಜಿಗೇ ಬರುತ್ತಾಳೆ, ಏಕೆಂದರೆ ಸೈಬರ್ ಅಂಗಡಿಯಲ್ಲಿ ಪ್ರತಿ ಪ್ರಶ್ನೆಗೂ ಹಣ ಕೇಳುತ್ತಾರೆ.

ಊರಿಗೆ ಹೋದಾಗ ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಇದೇ ದೃಶ್ಯ ಕಂಡೆ. ಕರ್ನಾಟಕದಲ್ಲಿ 1965ರ ಕಾನೂನು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ವಸೂಲು ಮಾಡಲು ಅವಕಾಶ ಕೊಟ್ಟಿತು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ 'ಓದುವ ಬೆಳಕು' ಎಂಬ ಹೆಸರಿನಲ್ಲಿ ಮಕ್ಕಳನ್ನು ಅವುಗಳ ಸದಸ್ಯರನ್ನಾಗಿ ಮಾಡಿಕೊಳ್ಳುವ ಕೆಲಸ ನಡೆಯಿತು. ಮಹಾರಾಷ್ಟ್ರದ 1967ರ ಕಾನೂನಿನಲ್ಲಿ ಅಂಥ ಕರವಿಲ್ಲ. ಸಂಘ ಸಂಸ್ಥೆಗಳು ಗ್ರಂಥಾಲಯ ನಡೆಸುತ್ತವೆ, ಸರಕಾರ ಅವುಗಳನ್ನು ದರ್ಜೆಗಳಾಗಿ ವಿಂಗಡಿಸಿ ಅನುದಾನ ಕೊಡುತ್ತದೆ. ಮುಂಬಯಿಯ ಕನ್ನಡ ಸಂಘಗಳ ಆಶ್ರಯದಲ್ಲಿರುವ ಗ್ರಂಥಾಲಯಗಳಲ್ಲಿ ನಾನು ಕಂಡಂತೆ ಹೆಚ್ಚಿನವು ನಿವೃತ್ತರೊಬ್ಬರ ಪ್ರೀತಿಯ ಮೇಲೆ ನಿಂತಿವೆ. ಅವರ ಮೊಣಕಾಲು ನೋವು ಹೆಚ್ಚಾದ ವರ್ಷ ಗ್ರಂಥಾಲಯ ವಾರಕ್ಕೊಂದು ದಿನಕ್ಕೆ ಇಳಿಯುತ್ತದೆ.

ಪುಸ್ತಕಗಳು ಎಲ್ಲೆಡೆ ಸಿಗುವಾಗ ನಮ್ಮ ಕಪಾಟುಗಳಲ್ಲಿ ಇರಬೇಕಾದದ್ದು ಏನು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಬೇರೆಲ್ಲೂ ಇಲ್ಲದ್ದು. ಜಾತಿ ಸಂಘಗಳ, ಭಜನಾ ಮಂಡಳಿಗಳ, ಕಲಾ ತಂಡಗಳ, ರಾತ್ರಿಶಾಲೆಗಳ ಬೆಳ್ಳಿಹಬ್ಬ, ಸುವರ್ಣ ಮಹೋತ್ಸವಗಳ ಸ್ಮರಣ ಸಂಚಿಕೆಗಳು ನಮ್ಮ ಮನೆಗಳ ಅಟ್ಟದಲ್ಲಿವೆ. ಅವುಗಳಲ್ಲಿ ಭಾಷಣಗಳೂ ಶುಭಾಶಯಗಳೂ ತುಂಬಿವೆ ನಿಜ, ಓದಲು ಬೇಸರ ಬರುತ್ತದೆ. ಆದರೆ ಯಾವ ಹೊಟೇಲು ಯಾವ ಗಲ್ಲಿಯಲ್ಲಿತ್ತು, ಯಾರು ಯಾರ ಪಾಲುದಾರರಾಗಿದ್ದರು, ಯಾವ ವರ್ಷದ ನಾಟಕದಲ್ಲಿ ಹೆಣ್ಣು ಪಾತ್ರ ವಹಿಸಲು ಮೊದಲ ಬಾರಿ ಹೆಣ್ಣುಮಕ್ಕಳು ಬಂದರು ಎಂಬುದನ್ನು ತಿಳಿಯಲು ಅವುಗಳ ಜಾಹೀರಾತು ಪುಟಗಳು ಮತ್ತು ಗುಂಪುಚಿತ್ರಗಳ ಅಡಿಬರಹಗಳ ಹೊರತು ನಮಗೆ ಬೇರೆ ಆಧಾರ ಬಹಳವಿಲ್ಲ. ಇಂಥವು ಸಾಮಾನ್ಯವಾಗಿ ಟೌನ್ ಹಾಲಿಗೆ ತಲುಪುವುದಿಲ್ಲ. ಹಿರಿಯರು ತೀರಿಕೊಂಡ ಮೇಲೆ ರದ್ದಿಯವನ ತಕ್ಕಡಿಗೆ ತಲುಪುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಉಪನಗರದ ಸಂಘವೊಂದರ ನೆಲಮಾಳಿಗೆಯಲ್ಲಿದ್ದ ಇಂಥ ಸಂಚಿಕೆಗಳ ಕಟ್ಟುಗಳು ನೆನೆದು ಒಂದಕ್ಕೊಂದು ಅಂಟಿಕೊಂಡದ್ದನ್ನು ಬಿಡಿಸಲು ಹೋದವರಲ್ಲಿ ನಾನಿದ್ದೆ. ಹೊಳಪಿನ ಕಾಗದದ ಪುಟಗಳು ಒಣಗಿದ ಮೇಲೆ ಬಿಡಿಸಲು ಬರುವುದಿಲ್ಲ; ಅವು ಹಲಗೆಯಂತೆ ಗಟ್ಟಿಯಾಗುತ್ತವೆ. ನುಸಿಗುಳಿಗೆ ಹುಳುವನ್ನು ದೂರವಿಟ್ಟೀತು, ಮುಂಬಯಿಯ ಮಳೆಗಾಲದ ತೇವವನ್ನಲ್ಲ.

ಇನ್ನೊಂದು ಕಡೆ, ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುವ ಗ್ರಂಥಾಲಯ ಬೇಗನೆ ಉಗ್ರಾಣವಾಗುತ್ತದೆ. ಒಂದೇ ಜನಪ್ರಿಯ ಕಾದಂಬರಿಯ ಹಲವು ಪ್ರತಿಗಳು, ಹಳೆಯ ಪಠ್ಯಪುಸ್ತಕಗಳು, ಗೆದ್ದಲು ತಿಂದ ನಿಘಂಟುಗಳು ಗೌರವದ ಹೆಸರಿನಲ್ಲಿ ಬರುತ್ತವೆ. ಲೈಬ್ರರಿ ಮಾಸ್ತರರು ದಾನಿಗಳಿಗೆ ಚಹಾ ಕೊಟ್ಟು, ಪಟ್ಟಿ ನೋಡಿ, ಬೇಕಾದದ್ದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಮರಳಿಸುತ್ತಿದ್ದರು. ಅದರಿಂದ ಕೆಲವರ ಮನಸ್ಸು ನೊಂದಿತ್ತು. ಈ ಬೇಡವೆನ್ನುವ ಕೆಲಸವನ್ನು ಕಂಪ್ಯೂಟರ್ ಮಾಡಿಕೊಡುವುದಿಲ್ಲ, ಆಡಳಿತ ಮಂಡಳಿಯ ಸದಸ್ಯರು ಮುಖದಾಕ್ಷಿಣ್ಯದಿಂದ ಮಾಡಲಾರರು.

ಹಳೆಯ ವಿದ್ಯಾರ್ಥಿ ಸಂಘದ ಮುಂದಿನ ಮಹಾಸಭೆಯಲ್ಲಿ ಹೊಸ ಕಪಾಟು ಹಾಗೂ ಟಿವಿಗಾಗಿ ಹಣ ಕೂಡಿಸುವ ಮಾತು ಬರಲಿದೆ ಎಂದು ಕೇಳಿದ್ದೇನೆ. ಆ ಹಣವನ್ನು ತರಬೇತಿ ಪಡೆದ, ಕನ್ನಡ ಮತ್ತು ಮರಾಠಿ ಎರಡನ್ನೂ ಓದಬಲ್ಲ ಒಬ್ಬರನ್ನು ಸಂಜೆಯ ಹೊತ್ತಿಗೆ ಸಂಬಳ ಕೊಟ್ಟು ನೇಮಿಸಲು ಬಳಸಬೇಕೆಂದು ನಾನು ಲಿಖಿತವಾಗಿ ಸೂಚಿಸಿದ್ದೇನೆ. ಅವರು ಬರುವವರೆಗೆ ಸ್ಮರಣ ಸಂಚಿಕೆಗಳ ಪಟ್ಟಿಯನ್ನು ಕನ್ನಡ ಲಿಪಿಯಲ್ಲಿ ನಾನೇ ಆರಂಭಿಸಿದ್ದೇನೆ. ಓದುಗರ ಮನೆಯಲ್ಲಿ ಯಾವುದೇ ಸಂಘದ, ಯಾವುದೇ ವರ್ಷದ ಸಂಚಿಕೆ ಇದ್ದರೆ, ಮುಖಪುಟ ಹರಿದಿದ್ದರೂ ಚಿಂತೆಯಿಲ್ಲ, ಶಾಲೆಯ ಕಚೇರಿಗೆ ಸಂಜೆ ತರಗತಿ ನಡೆಯುವ ಹೊತ್ತಿನಲ್ಲಿ ತಲುಪಿಸಬಹುದು. ಮೂಲವನ್ನು ಬಿಟ್ಟುಕೊಡಲು ಮನಸ್ಸಿಲ್ಲದವರು ಸ್ಕ್ಯಾನ್ ಮಾಡಲು ಒಂದು ವಾರದ ಮಟ್ಟಿಗೆ ಕೊಟ್ಟರೂ ಸಾಕು. ಯಾರಿಂದ ಬಂತು, ಯಾವಾಗ ಮರಳಿಸಿದೆವು ಎಂಬುದನ್ನು ವಹಿಯಲ್ಲಿ ಬರೆದಿಡುತ್ತೇವೆ.